ಬೀಳ್ಕೊಡುಗೆ ಕಾಣದ ಹೊಳೆ

ಕೊನೆಯ ದಿನಗಳನ್ನು ಆಚರಿಸುವುದು ಮುಂಬಯಿಗೆ ಚೆನ್ನಾಗಿ ಗೊತ್ತು. 2023ರ ಸೆಪ್ಟೆಂಬರ್ 15ರಂದು ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸು ಕೊನೆಯ ಸುತ್ತು ಹೊಡೆದಾಗ ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮರುತಿಂಗಳೇ, ಅಕ್ಟೋಬರ್ 30ರಿಂದ, ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಸರಿದವು. ಪತ್ರಿಕೆಗಳು ಕಾಲಂಗಟ್ಟಲೆ ಬರೆದವು, ಟೀವಿಯವರು ಮುದಿ ಚಾಲಕರನ್ನು ಹುಡುಕಿ ಮಾತಾಡಿಸಿದರು. ಕುರ್ಲಾದವರಾದ ನಮಗೆ ಆ ಕಾರು ಊರಿನ ಮಗಳಿದ್ದ ಹಾಗೆ. ಹುಟ್ಟಿದ್ದು ಇಲ್ಲೇ, ಎಲ್‌ಬಿಎಸ್ ರಸ್ತೆಯ ಪ್ರೀಮಿಯರ್ ಕಾರ್ಖಾನೆಯಲ್ಲಿ. ಹಾಗಾಗಿ ನಾವೂ ನಾಲ್ಕು ಮಾತು ಹೆಚ್ಚೇ ಆಡಿದೆವು.

ಅದೇ ಕುರ್ಲಾದ ಬೆನ್ನಿಗೆ ಅಂಟಿಕೊಂಡು ಹರಿಯುವ ಮೀಠಿ ನದಿಗೆ ಮಾತ್ರ ಅಂಥ ಒಂದು ದಿನ ಸಿಗಲಿಲ್ಲ. ಅದರ ಮೇಲೆ ಕೊನೆಯ ದೋಣಿ ಯಾವತ್ತು ಹೋಯಿತು, ಕೊನೆಯ ಏಡಿ ಯಾರ ಬುಟ್ಟಿಗೆ ಬಿತ್ತು, ದಡದ ಕಾಂಡ್ಲಾ ಕಾಡಿನಲ್ಲಿ ಕೊನೆಯ ನರಿ ಯಾವ ರಾತ್ರಿ ಕೂಗಿತು ಎಂದು ಯಾರೂ ಬರೆದಿಡಲಿಲ್ಲ. ಬಸ್ಸು, ಕಾರು ಸತ್ತರೆ ತಾರೀಖು ಇರುತ್ತದೆ. ಹೊಳೆ ಸತ್ತರೆ ಇರುವುದಿಲ್ಲ.

ಇದೆಲ್ಲ ತಲೆಗೆ ಹತ್ತಿದ್ದು ಕುರ್ಲಾದಲ್ಲಲ್ಲ, ಐರೋಲಿಯಲ್ಲಿ. ಠಾಣೆ ಖಾಡಿಯ ದಡದಲ್ಲಿ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಅಲ್ಲಿಂದ ರಾಜಹಂಸಗಳನ್ನು ನೋಡಲು ದೋಣಿ ಹೊರಡುತ್ತದೆ. ಕುರ್ಲಾದಿಂದ ಠಾಣೆಗೆ ಲೋಕಲ್, ಠಾಣೆಯಿಂದ ಐರೋಲಿಗೆ ಇನ್ನೊಂದು ಲೋಕಲ್, ಅಲ್ಲಿಂದ ರಿಕ್ಷಾ. ನಾನು ಹೋದದ್ದು ಹಂಗಾಮಿನ ಕೊನೆಗೆ, ಮೇ ಮುಗಿಯುತ್ತ ಬಂದಾಗ. ಮಳೆ ಹಿಡಿದರೆ ದೋಣಿ ನಿಲ್ಲುತ್ತದೆ, ಅಷ್ಟರೊಳಗೆ ಹಕ್ಕಿಗಳೂ ಹೊರಟುಹೋಗಿರುತ್ತವೆ. ಇಲ್ಲಿ ವೇಳಾಪಟ್ಟಿ ಬರೆಯುವುದು ಸಮುದ್ರ. ಭರತ ಏರಿದಾಗ ಮಾತ್ರ ದೋಣಿಗೆ ನೀರು, ಇಳಿದರೆ ಬರೀ ಕೆಸರು.

ದೋಣಿಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ನಾವೊಂದಿಷ್ಟು ಜನ. ಚುಕ್ಕಾಣಿ ಹಿಡಿದಾತ ಖಾಡಿಯ ಅಂಚಿನ ಊರಿನವನು. ಅಪ್ಪ ಈ ನೀರಿನಲ್ಲಿ ಮೀನು ಹಿಡಿಯುತ್ತಿದ್ದ, ಮಗ ಈ ನೀರನ್ನು ತೋರಿಸುತ್ತಾನೆ. ಎರಡೂ ಕಡೆ ತಿವರ ಎಂಬ ಕಾಂಡ್ಲಾ ಮರದ ಕಾಡು. ಸಾಲಾಗಿ ನಿಂತ ಮರಗಳ ಬುಡದಲ್ಲಿ ಪೆನ್ಸಿಲ್ ಗಾತ್ರದ ಬೇರುಗಳು ಕೆಸರಿನಿಂದ ನೆಟ್ಟಗೆ ಮೇಲೆದ್ದು ಗಾಳಿ ಕುಡಿಯುತ್ತಿದ್ದವು. ಗೈಡ್ ಹುಡುಗಿ ಬಾಗಿದ ಟೊಂಗೆಯಿಂದ ಒಂದು ಎಲೆ ಕಿತ್ತು ಕೈಗಿಟ್ಟಳು. ಮೇಲೆ ಹೊಳೆಯುವ ಹಸಿರು, ಕೆಳಗೆ ಬೂದಿಬಿಳಿ. ಎಲೆಯನ್ನು ಬಿಸಿಲಿಗೆ ಓರೆ ಹಿಡಿದರೆ ಅದರ ಮೇಲೆ ಸಣ್ಣ ಸಣ್ಣ ಹರಳು. ನಾಲಗೆಗೆ ಮುಟ್ಟಿಸಿದೆ, ಅಪ್ಪಟ ಉಪ್ಪು. ಬೇರು ಹೀರಿದ ಉಪ್ಪನ್ನು ಈ ಮರ ಎಲೆಯ ಮೂಲಕ ಹೊರಗೆ ಹಾಕುತ್ತದೆ. ಪಕ್ಕದ ಬೆಂಚಿನ ಮಗುವೂ ನೆಕ್ಕಿ ಮುಖ ಹಿಂಡಿತು, ಅದರ ತಾಯಿ ‘ಛೀ, ಉಗಿ’ ಎಂದಳು.

ಹಕ್ಕಿ ಕಡಿಮೆಯಿದ್ದವು. ಗುಲಾಬಿ ಬಣ್ಣದ ದೊಡ್ಡವೆಲ್ಲ ಬಹುಮಟ್ಟಿಗೆ ಕಛ್ ಕಡೆಗೆ ಹೋಗಿಯಾಗಿತ್ತು. ಉಳಿದವುಗಳಲ್ಲಿ ಹೆಚ್ಚಿನವು ಇನ್ನೂ ಬಣ್ಣ ಏರದ ಬೂದು ಮರಿಗಳು. ಆದರೂ ಅವು ತಿನ್ನುವ ಚೆಂದ ನೋಡಬೇಕು. ಉದ್ದ ಕತ್ತು ಬಗ್ಗಿಸಿ, ತಲೆಯನ್ನು ಪೂರ್ತಿ ತಲೆಕೆಳಗು ಮಾಡಿ, ಕೊಕ್ಕನ್ನು ನೀರಿನಲ್ಲಿ ಆ ಕಡೆ ಈ ಕಡೆ ಆಡಿಸುತ್ತ ಮುಂದೆ ಸಾಗುತ್ತವೆ. ನಾಲಗೆ ಪಂಪಿನ ಕೆಲಸ ಮಾಡುತ್ತದೆ, ನೀರು ಹೊರಗೆ, ಪಾಚಿ ಒಳಗೆ. ಆ ಪಾಚಿಯಿಂದಲೇ ಅವುಗಳಿಗೆ ಬಣ್ಣ. ಎದುರು ದಡದಲ್ಲಿ ಬೆಳ್ಳಕ್ಕಿ, ಕೆಸರಿನ ಮೇಲೆ ಒಂದೇ ಕೊಂಬಿನಂಥ ಕೈ ಎತ್ತಿ ಆಡಿಸುವ ಏಡಿಗಳು, ಮೀನಾಗಿದ್ದೂ ನೆಲದ ಮೇಲೆ ಜಿಗಿಯುವ ನಿವಟಿ. ನರಿ ಕಾಣಲಿಲ್ಲ. ಇವೆ ಎಂದು ಎಲ್ಲರೂ ಹೇಳುತ್ತಾರೆ, ಬೆಳಗಿನ ಜಾವ ಬಂದರೆ ಹೆಜ್ಜೆ ಸಿಗುತ್ತದಂತೆ.

‘ಇವತ್ತಿಗೆ ಸಾಕು’ ಎಂದು ಚುಕ್ಕಾಣಿಯವನು ದೋಣಿ ತಿರುಗಿಸಿದ. ‘ಈ ವರ್ಷಕ್ಕೇ ಸಾಕು.’

ಆಗ ನನಗೆ ನಮ್ಮ ಚಾಳಿನ ಭಟ್ಟರ ನೆನಪಾಯಿತು. ಕುಂದಾಪುರದ ಕಡೆಯವರು, ಮಿಲ್ಲಿನ ಕ್ಯಾಂಟೀನೊಂದರಲ್ಲಿ ಅಡುಗೆಗಿದ್ದರು. ಊರಿನಿಂದ ಮುಂಬಯಿಗೆ ಮೊದಲ ಸಲ ಬಂದದ್ದು ಸ್ಟೀಮರಿನಲ್ಲಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಮೀಠಿ ದಡಕ್ಕೆ ಹೋಗಿ ಕೂರುತ್ತಿದ್ದರು. ಜತೆಗೆ ಬರುತ್ತಿದ್ದ ಊರಿನ ಹುಡುಗರು ನೀರು ಇಳಿದಾಗ ಕೆಸರಿಗಿಳಿದು ಏಡಿ ಹಿಡಿಯುತ್ತಿದ್ದರಂತೆ. ಭಟ್ಟರು ತಿನ್ನುವವರಲ್ಲ, ನೋಡುವವರು. ‘ಇದೆಂತ ಹೊಳಿ ಮರಾಯ, ಹೊಳಿ ಅಂದ್ರೆ ನಮ್ಮ ಗಂಗೊಳ್ಳಿ’ ಎಂದು ಮೂಗು ಮುರಿಯುತ್ತಲೇ ಅಲ್ಲಿಗೇ ಹೋಗುತ್ತಿದ್ದರು. ಅವರು ಹೇಳುತ್ತಿದ್ದ ಮೀಠಿಯಲ್ಲಿ ಉಬ್ಬರದ ನೀರು ಕುರ್ಲಾವರೆಗೆ ಏರುತ್ತಿತ್ತು, ಕಾಂಡ್ಲಾ ಇತ್ತು, ಸಣ್ಣ ದೋಣಿ ಇತ್ತು, ರಾತ್ರಿ ಜೌಗಿನ ಕಡೆಯಿಂದ ನರಿ ಕೂಗುತ್ತಿತ್ತು. ಇದು 1950ರ ದಶಕದ ಮಾತು. ನಾನು ಕಣ್ಣು ಬಿಟ್ಟು ನೋಡುವ ಹೊತ್ತಿಗೆ ನೀರಿಗೆ ಬಣ್ಣ ಬರತೊಡಗಿತ್ತು. ಒಂದು ದಿನ ನೀಲಿ, ಒಂದು ದಿನ ಕೆಂಪು, ಮೇಲೆ ಎಣ್ಣೆಯ ಪದರ. ಉಬ್ಬರದ ನೀರು ಈಗಲೂ ಏರುತ್ತದೆ, ಮಿಕ್ಕದ್ದು ಹೋಯಿತು.

ಮೀಠಿ ಎಲ್ಲಿಂದ ಬರುತ್ತದೆ ಎಂದು ಕುರ್ಲಾದ ಹತ್ತು ಜನರನ್ನು ಕೇಳಿ ನೋಡಿ. ಹೆಚ್ಚಿನವರು ಸಾಕಿನಾಕಾ ಎಂದಾರು. ಅದು ಬರುವುದು ಕಾಡಿನಿಂದ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ವಿಹಾರ್ ಕೆರೆ, ಅದರ ಕೆಳಗಿನ ಪವಾಯಿ ಕೆರೆ, ಇವೆರಡೂ ತುಂಬಿ ಹೊರಚೆಲ್ಲಿದ ನೀರು ಮೀಠಿ. ಚಿರತೆ ಓಡಾಡುವ ಕಾಡು, ಮೊಸಳೆ ಬಿಸಿಲು ಕಾಯಿಸುವ ಕೆರೆದಂಡೆ, ಅಲ್ಲಿಂದ ಆರೆ, ಪವಾಯಿ, ಸಾಕಿನಾಕಾ, ಕುರ್ಲಾ, ಕಲೀನಾ, ಧಾರಾವಿ ಬಳಸಿ ಮಾಹಿಮ್ ಖಾಡಿಯ ಕಾಂಡ್ಲಾ ಕಾಡಿಗೆ. ಹೆಚ್ಚುಕಡಿಮೆ 18 ಕಿಲೋಮೀಟರ್. ಕಾಡಿನಲ್ಲಿ ದೋಣಿ ಹತ್ತಿ ಮೊಸಳೆ ನೋಡುತ್ತ ಹೊಳೆಯ ಬಾಯಿಗೆ ಬರುವ ವಿಹಾರಕ್ಕೆ ಜನ ಲಕ್ಷಗಟ್ಟಲೆ ಖರ್ಚು ಮಾಡಿ ಅಮೆಜಾನ್‌ಗೆ, ಬೋರ್ನಿಯೊಗೆ ಹೋಗುತ್ತಾರೆ. ಅಷ್ಟೂ ಸಾಮಗ್ರಿ ಒಂದು ಮಹಾನಗರದ ಹೊಟ್ಟೆಯೊಳಗೆ, ಒಂದು ಬೆಳಗ್ಗೆ ಸಾಗಬಹುದಾದ ದೂರದಲ್ಲಿ ನಮಗೆ ಪುಕ್ಕಟೆ ಸಿಕ್ಕಿತ್ತು.

ಈ ಹೊಳೆಯ ಕುತ್ತಿಗೆಗೆ ಮೊದಲ ಕೈ ಬಿದ್ದದ್ದು ಬಾಯಾರಿಕೆಯಿಂದ. ಅದನ್ನು ತಪ್ಪು ಎನ್ನಲಾರೆ. 1856ರಲ್ಲಿ ಆರಂಭವಾದ ವಿಹಾರ್ ಕಟ್ಟೆ 1860ರಲ್ಲಿ ಮುಗಿಯಿತು, ನಗರಕ್ಕೆ ಮೊದಲ ಸಲ ಕೊಳಾಯಿ ನೀರು ಬಂತು. 1891ರಲ್ಲಿ ಪವಾಯಿ. ಹೊಳೆಯ ತಲೆಗೆ ಕಟ್ಟೆ ಬಿದ್ದ ಮೇಲೆ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ ಮಾತ್ರ ಅದಕ್ಕೆ ಕಾಡಿನ ನೀರು. ಉಳಿದ ತಿಂಗಳುಗಳಲ್ಲಿ ಅದರಲ್ಲಿ ಹರಿಯುವುದು ನಾವು ಬಿಟ್ಟದ್ದು. ನೂರು ವರ್ಷ ಹಿಂದೆ ಬಿಡುವವರು ಕಡಿಮೆ ಇದ್ದರು. 1925ರ ಫೆಬ್ರುವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ವಿಕ್ಟೋರಿಯಾ ಟರ್ಮಿನಸ್‌ನಿಂದ ಹೊರಟು ಬಂದು ನಿಂತದ್ದು ನಮ್ಮ ಕುರ್ಲಾದಲ್ಲಿ. ಸ್ವದೇಶಿ ಮಿಲ್ಲು ಅದಕ್ಕೂ ಮುಂಚಿನದು, 1886ರಲ್ಲಿ ಜಮ್ಶೆಟ್‌ಜಿ ಟಾಟಾ ಕೊಂಡದ್ದು. ಮಿಲ್ಲು, ರೈಲು, ಕಾರ್ಖಾನೆ ಬಂದವು. ಜನ ಬಂದರು, ಅವರಿಗೆ ಇಡ್ಲಿ ಹಾಕಲು ನಾವು ಕನ್ನಡಿಗರೂ ಬಂದೆವು. ಹೊಳೆಗೆ ಹೋದ ಕೊಳೆಯಲ್ಲಿ ನಮ್ಮ ಹೋಟೆಲಿನ ಪಾತ್ರೆ ತೊಳೆದ ನೀರೂ ಇದೆ, ಲೆಕ್ಕ ಹೇಳುವಾಗ ಅದನ್ನು ಬಿಡಬಾರದು.

ಇನ್ನೂ ಹಿಂದಕ್ಕೆ ಹೋದರೆ ಶೀವ್ ಮತ್ತು ಕುರ್ಲಾ ನಡುವೆ ನೆಲವೇ ಇರಲಿಲ್ಲ. ಆಚೆ ಬೊಂಬಾಯಿ ದ್ವೀಪ, ಈಚೆ ಸಾಲ್ಸೆಟ್, ನಡುವೆ ಉಬ್ಬರವಿಳಿತದ ಉಪ್ಪುನೀರು. ದಾಟಬೇಕೆಂದರೆ ಕಡವು. ಗವರ್ನರ್ ಜೊನಾಥನ್ ಡಂಕನ್ ಕಾಲದಲ್ಲಿ, 19ನೇ ಶತಮಾನ ಕಾಲಿಡುವ ಹೊತ್ತಿಗೆ, ಅಲ್ಲಿ ದಿಬ್ಬದ ದಾರಿ ಹಾಕಿದರು. ಶೀವ್ ಕಾಸ್‌ವೇ ಎಂದು ನಾವು ದಿನಾ ದಾಟುವುದು ಅದನ್ನೇ, ಟ್ರಾಫಿಕ್ಕಿಗೆ ಶಾಪ ಹಾಕುತ್ತ. ಕಡವಿನ ಕೊನೆಯ ದೋಣಿ ನಡೆಸಿದವನ ಹೆಸರೂ ನಮಗಿಲ್ಲ.

ಬಾಯಾರಿಕೆಯನ್ನು ಕ್ಷಮಿಸಬಹುದು. ಆಮೇಲಿನದನ್ನು ಕ್ಷಮಿಸುವುದು ಕಷ್ಟ. ವಿಮಾನ ನಿಲ್ದಾಣದ ರನ್‌ವೇ ಉದ್ದವಾಗಬೇಕಾದಾಗ ಹೊಳೆಯನ್ನು ಗೋಡೆ ಮೂಲೆ ತಿರುಗಿಸಿದಷ್ಟು ನೇರವಾಗಿ, ಲಂಬಕೋನದಲ್ಲಿ ತಿರುವಿದರು. ನದಿ ಹಾಗೆ ತಿರುಗುವುದಿಲ್ಲ ಎಂದು ಹಳ್ಳಿಯ ಹುಡುಗನಿಗೂ ಗೊತ್ತು. ಕೆಳಗೆ ಜೌಗು ಮುಚ್ಚಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎದ್ದಿತು. ಗಾಜಿನ ಕಟ್ಟಡಗಳು ನಿಂತದ್ದು ಭಟ್ಟರು ಕೇಳುತ್ತಿದ್ದ ನರಿಗಳ ಜಾಗದಲ್ಲಿ. ಹೆಸರಿನಲ್ಲಿ ಕುರ್ಲಾ ಇದೆ ಎಂದು ನಾವು ಹೆಮ್ಮೆಪಟ್ಟೆವು, ಅದರ ಬೆಲೆ ಗೊತ್ತಾದದ್ದು 2005ರ ಜುಲೈ 26ರಂದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ತನ್ನ ಹಳೆಯ ಅಂಗಳ ಹುಡುಕಿಕೊಂಡು ಬಂತು. ಕ್ರಾಂತಿನಗರ, ಬೈಲ್‌ಬಜಾರ್, ಜರಿಮರಿ, ಎಲ್ಲಿಯೂ ನೆಲ ಮಹಡಿ ಉಳಿಯಲಿಲ್ಲ. ಅಂದು ನೀರಿನಲ್ಲಿ ನಿಂತವರಿಗೆ ಅದು ನದಿ ಎಂದು ಮೊದಲ ಸಲ ತಿಳಿಯಿತು.

ಆ ಮಳೆಯ ಬೆನ್ನಿಗೇ, ಅದೇ ವರ್ಷ, ಮೀಠಿ ನದಿ ಅಭಿವೃದ್ಧಿ ಮತ್ತು ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. ಅಗಲ ಮಾಡಿದರು, ಆಳ ಮಾಡಿದರು, ಎರಡೂ ಬದಿ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ನೆರೆಗೆ ಗೋಡೆ ಬೇಕು ಎಂಬ ವಾದ ನನಗೆ ಅರ್ಥವಾಗುತ್ತದೆ, ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ಏಡಿಯ ಕತೆ ಹೇಳುವ ಧೈರ್ಯ ನನಗಿಲ್ಲ. ಆದರೆ ಐರೋಲಿಯಲ್ಲಿ ಕಂಡದ್ದಷ್ಟೂ ಇದ್ದದ್ದು ಅಂಚಿನಲ್ಲಿ. ಇಳಿಜಾರು ಕೆಸರು, ಅದರಲ್ಲಿ ಬೇರು, ಬೇರಿನ ಸಂದಿಯಲ್ಲಿ ಮರಿಮೀನು, ಮೀನಿಗಾಗಿ ಹಕ್ಕಿ. ಗೋಡೆ ಕಟ್ಟಿದ ನೀರಿಗೆ ಅಂಚಿಲ್ಲ. ಇಷ್ಟಾಗಿ ಕ್ರಾಂತಿನಗರದವರಿಗೆ ನೆಮ್ಮದಿಯಾದರೂ ಸಿಕ್ಕಿತೇ? 2025ರ ಆಗಸ್ಟ್ ಮಳೆಯಲ್ಲೂ ಮೀಠಿ ಏರಿ ಅವರು ಗಂಟುಮೂಟೆ ಕಟ್ಟಿ ಎದ್ದು ಬರಬೇಕಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಹೂಳೆತ್ತುವ ಗುತ್ತಿಗೆಯಲ್ಲೇ 65 ಕೋಟಿ ರೂಪಾಯಿ ವಂಚನೆಯಾಗಿದೆ ಎಂದು ಪೊಲೀಸರು ಮೊಕದ್ದಮೆ ಹೂಡಿದ್ದರು.

ಹಾಗಾದರೆ ಠಾಣೆ ಖಾಡಿ ಉಳಿದದ್ದು ಹೇಗೆ? ಒಂದಷ್ಟು ಕಾನೂನಿನಿಂದ. 2005ರಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದಕ್ಕೆ ತಡೆ ಹಾಕಿತು, 2018ರ ತೀರ್ಪಿನಲ್ಲಿ ಅದನ್ನು ಗಟ್ಟಿ ಮಾಡಿತು. ಮಹಾರಾಷ್ಟ್ರದ ಅರಣ್ಯ ಇಲಾಖೆ 2012ರಲ್ಲಿ ಈ ಕಾಡುಗಳಿಗೆಂದೇ ಪ್ರತ್ಯೇಕ ಘಟಕ ಮಾಡಿತು. 2015ರಲ್ಲಿ ಖಾಡಿಯ ಸುಮಾರು 17 ಚದರ ಕಿಲೋಮೀಟರ್ ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಇನ್ನೊಂದಷ್ಟು, ಹೇಳಲು ಮುಜುಗರ, ನಮ್ಮ ಕೊಳಕಿನಿಂದ. ರಾಜಹಂಸಗಳು ಇಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇಳಿಯತೊಡಗಿದ್ದು 1990ರ ದಶಕದಿಂದ. ಚರಂಡಿ ನೀರು ಉಂಡು ಖಾಡಿಯಲ್ಲಿ ಪಾಚಿ ಕೊಬ್ಬಿತು, ಪಾಚಿಗೆ ಹಕ್ಕಿ ಬಂತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 2019ರಲ್ಲಿ ಎಣಿಸಿದಾಗ ಲಕ್ಷ ದಾಟಿತ್ತು. ಗುಲಾಬಿ ಬಣ್ಣ ಕಂಡು ಮೈಮರೆಯುವವರು ಇದನ್ನು ಮರೆಯಬಾರದು. ಹಕ್ಕಿ ಬಂದಿದೆ ಎಂದ ಮಾತ್ರಕ್ಕೆ ನೀರು ಚೆನ್ನಾಗಿದೆ ಎಂದಲ್ಲ. ಕೊಳೆ ಒಂದು ಮಿತಿಯವರೆಗೆ ಮೇವು, ಮಿತಿ ದಾಟಿದರೆ ವಿಷ. ಮೀಠಿಯಲ್ಲಿ ಆ ಮಿತಿ ಎಂದೋ ದಾಟಿದೆ.

ಉಳಿದ ಠಾಣೆ ಖಾಡಿಗೂ ಅಪಾಯ ತಪ್ಪಿಲ್ಲ. 2024ರ ಮೇ 20ರ ರಾತ್ರಿ ಘಾಟ್‌ಕೋಪರ್ ಪೂರ್ವದಲ್ಲಿ, ಕುರ್ಲಾದಿಂದ ಎರಡೇ ಸ್ಟೇಷನ್ ಆಚೆ, ರಾಜಹಂಸಗಳು ಆಕಾಶದಿಂದ ಬಿದ್ದವು. ಇಳಿಯುತ್ತಿದ್ದ ವಿಮಾನಕ್ಕೆ ಹಿಂಡು ಸಿಕ್ಕಿತ್ತು. ಸತ್ತದ್ದು 39. ಖಾಡಿಯ ತಳದಲ್ಲೋ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಿಂದ ಹೊರಡಲಿರುವ ಬುಲೆಟ್ ರೈಲಿನ 21 ಕಿಲೋಮೀಟರ್ ಸುರಂಗದಲ್ಲಿ 7 ಕಿಲೋಮೀಟರ್ ಈ ನೀರಿನ ಅಡಿಯಲ್ಲೇ ಸಾಗುತ್ತದೆ. ಅಡಿಯಲ್ಲಿ ಹೋದರೆ ಹಕ್ಕಿಗೇನು ಎನ್ನುತ್ತಾರೆ. ಇರಬಹುದು. ಮೀಠಿಗೂ ಪ್ರತಿ ಸಲ ಹಾಗೇ ಹೇಳಿದ್ದರು.

ಕುರ್ಲಾದ ಕನ್ನಡಿಗರಿಗೆ ಜೀವಂತ ಹೊಳೆ ನೋಡುವ ಇನ್ನೊಂದು ದಾರಿ ಇದೆ, ಅದು ಶುರುವಾಗುವುದೂ ನಮ್ಮ ಕುರ್ಲಾ ಟರ್ಮಿನಸ್‌ನಿಂದಲೇ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ಬಂದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್. ಊರಿಗೆ ಹೋಗುವಾಗ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲ ಕತ್ತಲಲ್ಲಿ ದಾಟುತ್ತವೆ. ಸೇತುವೆಯ ಸದ್ದು ಬದಲಾದದ್ದರಿಂದಲೇ ಹೊಳೆ ಬಂತೆಂದು ತಿಳಿಯಬೇಕು. ಮರಳುವಾಗ ಹೊನ್ನಾವರದ ಹೊತ್ತಿಗೆ ಸಂಜೆ ಬೆಳಕು ಇನ್ನೂ ಇರುತ್ತದೆ. ಶರಾವತಿಯ ಮೇಲಿನ ಎರಡು ಕಿಲೋಮೀಟರ್ ದಾಟಿದ ಸೇತುವೆಯಲ್ಲಿ ಬಾಗಿಲಿಗೆ ನಿಂತವರ ಕಣ್ಣಿಗೆ ಕುದ್ರು, ತೆಂಗು, ದೋಣಿ, ದೂರದಲ್ಲಿ ಘಟ್ಟ. ಸ್ವಲ್ಪ ಹೊತ್ತಿಗೆ ಅಘನಾಶಿನಿ. ಶಿರಸಿಯ ಕಡೆಯ ಮಳೆಕಾಡಿನಲ್ಲಿ ಹುಟ್ಟಿ, ಒಂದು ಅಣೆಕಟ್ಟೂ ಇಲ್ಲದೆ ತದಡಿಗೆ ಬಂದು ಸೇರುವ ಹೊಳೆ. ಅಳಿವೆಯಲ್ಲಿ ಕಾಂಡ್ಲಾ, ಕೆಸರಿನಲ್ಲಿ ಬಳಚು ಹೆಕ್ಕುವ ಹೆಂಗಸರು. 2024ರಲ್ಲಿ ಅದೂ ರಾಮ್ಸರ್ ಪಟ್ಟಿಗೆ ಸೇರಿತು. ಕಾಡಿನಿಂದ ಕಾಂಡ್ಲಾವರೆಗೆ ಒಂದು ಹೊಳೆ ಪೂರ್ತಿ ಬದುಕಿದರೆ ಹೇಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅದರ ಮೇಲೂ ಕಣ್ಣು ಹಾಕಿದವರಿದ್ದಾರೆ. ತದಡಿಗೆ ಒಮ್ಮೆ ಉಷ್ಣ ವಿದ್ಯುತ್ ಸ್ಥಾವರ, ಒಮ್ಮೆ ಬಂದರು ಎಂದು ಯೋಜನೆಗಳು ಬಂದವು, ಊರವರು ಎದ್ದು ನಿಂತದ್ದರಿಂದ ಹೊಳೆ ಇನ್ನೂ ಹರಿಯುತ್ತಿದೆ. ಕುರ್ಲಾದಲ್ಲಿ ನಾವು ಎದ್ದು ನಿಲ್ಲಲಿಲ್ಲ. ನಮಗೆ ಊರು ಬೇರೆಲ್ಲೋ ಇತ್ತು, ಇದು ದುಡಿಯುವ ಜಾಗ ಮಾತ್ರವಾಗಿತ್ತು. ಮೂರನೆಯ ತಲೆಮಾರು ಇಲ್ಲೇ ಶಾಲೆಗೆ ಹೋಗುತ್ತಿರುವಾಗಲೂ ಆ ಮಾತನ್ನೇ ಆಡುವುದು ಸರಿಯಲ್ಲ.

ಮೀಠಿಯನ್ನು ಭಟ್ಟರ ಕಾಲದ ಹೊಳೆ ಮಾಡಲಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಧಾರಾವಿಯ ಪಕ್ಕದಲ್ಲಿ, ಇದೇ ಮೀಠಿಯ ದಡದಲ್ಲಿ, ಕಸದ ಗುಡ್ಡೆಯ ಮೇಲೆ ಗಿಡ ನೆಟ್ಟು ಬೆಳೆಸಿದ 37 ಎಕರೆಯ ಮಹಾರಾಷ್ಟ್ರ ನೇಚರ್ ಪಾರ್ಕ್ 1994ರಿಂದ ನಡೆಯುತ್ತಿದೆ. ಈಗ ಅಲ್ಲಿ ಹಕ್ಕಿ, ಚಿಟ್ಟೆ ನೋಡಲು ಶಾಲೆಯ ಮಕ್ಕಳು ಬರುತ್ತಾರೆ. ಕಸದ ಮೇಲೆ ಕಾಡು ಎಬ್ಬಿಸಿದ ಊರಿಗೆ ಒಂದು ಹೊಳೆಯಿಂದ ಚರಂಡಿ ನೀರನ್ನು ಬೇರೆ ಮಾಡಲು ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಐರೋಲಿಯ ದೋಣಿ ಮಳೆ ಮುಗಿದ ಮೇಲೆ ಮತ್ತೆ ನೀರಿಗಿಳಿಯುತ್ತದೆ, ನವೆಂಬರ್ ಹೊತ್ತಿಗೆ ಹಕ್ಕಿಗಳೂ ಬರತೊಡಗುತ್ತವೆ. ಭರತದ ಸಮಯ ವಿಚಾರಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ. ಅದಕ್ಕೆ ಮುಂಚೆ ಒಂದು ದಿನ ಅವರನ್ನು ಸಿಎಸ್‌ಟಿ ರಸ್ತೆಯ ಸೇತುವೆಯ ಮೇಲೂ ನಿಲ್ಲಿಸಿ, ಮೀಠಿ ತೋರಿಸಿ, ಇದು ವಿಹಾರ್ ಕಾಡಿನಿಂದ ಬಂದ ನದಿ ಎಂದು ಹೇಳಿ. ಮುಂದಿನ ಸಲ ಮತ ಕೇಳಲು ಬಂದವರನ್ನು ಗಟಾರದ ಮುಚ್ಚಳದ ಬಗ್ಗೆ ಕೇಳುವ ಜತೆಗೆ ಇದನ್ನೂ ಕೇಳಿ: ಸಂಸ್ಕರಿಸದ ಕೊಳಚೆಯನ್ನು ಮೀಠಿಗೆ ಬಿಡುವುದು ನಿಲ್ಲುವ ದಿನ ಯಾವುದು? ಆ ಕೊನೆಯ ದಿನಕ್ಕೆ ಬೇಕಿದ್ದರೆ ಹೂಮಾಲೆಯನ್ನೂ ತರೋಣ.